ಯಾಚನಾಪರೀಷಹ: ಒಂದು ಪದ, ಎರಡು ವ್ಯಾಖ್ಯಾನ

ಭಿಕ್ಷೆ ಬೇಡುವುದನ್ನು ಪ್ರಾಚೀನ ಜೈನಾಚಾರ್ಯರು ಹೇಗೆ ಕಂಡರೆಂಬುದಕ್ಕೆ ಪರೀಷಹಪ್ರಕರಣವು ಉತ್ತಮ ಸಾಕ್ಷಿಯಾಗಿದೆ. ತತ್ತ್ವಾರ್ಥಸೂತ್ರದ 9ನೆಯ ಅಧ್ಯಾಯವು ಎಣಿಸುವ 22 ಪರೀಷಹಗಳಲ್ಲಿ ಯಾಚನೆಯೂ ಒಂದು. ಶ್ವೇತಾಂಬರ ಆಗಮವಾದ ಉತ್ತರಾಧ್ಯಯನದ 2ನೆಯ ಅಧ್ಯಯನದ ಪ್ರಕಾರ, ಅನಗಾರನಿಗೆ ಬೇಡದೆ ದೊರೆಯುವ ವಸ್ತುವೇ ಇಲ್ಲ. ಕೈಚಾಚುವ ಸಂಕೋಚದಿಂದ ಗೃಹವಾಸವೇ ಲೇಸೆಂದು ಅವನು ಬಗೆಯಲಾಗದು. ಇಲ್ಲಿ ಬೇಡುವ ಕಷ್ಟವನ್ನು ಸಹಿಸುವುದೇ ಪರೀಷಹಜಯ. ಕನ್ನಡನಾಡಿನ ದಿಗಂಬರಾಚಾರ್ಯ ಪೂಜ್ಯಪಾದರ ಸರ್ವಾರ್ಥಸಿದ್ಧಿಯಲ್ಲಾದರೋ, ಪ್ರಾಣ ಹೋಗುವ ಸ್ಥಿತಿಯಲ್ಲಿಯೂ ಆಹಾರ, ವಸತಿ, ಔಷಧಗಳನ್ನು ದೀನವಚನದಿಂದಾಗಲಿ ಮುಖಭಾವದಿಂದಾಗಲಿ ಬೇಡದಿರುವುದೇ ಜಯ. ಒಂದೇ ಪದವು ಒಂದೆಡೆ ಬೇಡುವ ಸಹನೆಯನ್ನೂ ಇನ್ನೊಂದೆಡೆ ಬೇಡದಿರುವ ಧೃತಿಯನ್ನೂ ಸೂಚಿಸುವುದು ಗಮನಾರ್ಹ.

ಆದರೆ ಈ ಎರಡು ವ್ಯಾಖ್ಯಾನಗಳೂ ಮುನಿಧರ್ಮಕ್ಕೆ ಸಂಬಂಧಿಸಿದವು. ಹಸಿದು ಬೇಡುವ ದರಿದ್ರನನ್ನು ಈ ಅಳತೆಗೋಲಿನಿಂದ ಅಳೆಯಲಾಗದು. ಅವನಿಗೆ ಸಂಬಂಧಿಸಿದ ವಿಧಿಯನ್ನು ಸೂತ್ರದ 6ನೆಯ ಅಧ್ಯಾಯದಲ್ಲಿ ಅರಸಬೇಕು. ಅಲ್ಲಿ ಸಾತಾವೇದನೀಯದ ಆಸ್ರವಕ್ಕೆ ಕಾರಣಗಳನ್ನು ಹೇಳುವಾಗ, ವ್ರತಿಗಳ ಮೇಲಣ ಅನುಕಂಪೆಯೊಡನೆ ಸಕಲ ಜೀವಿಗಳ ಮೇಲಣ ಅನುಕಂಪೆಯನ್ನೂ ಹೇಳಿದೆ. ಪರರ ಪೀಡೆಯನ್ನು ತನ್ನದೆಂಬಂತೆ ಭಾವಿಸಿ ಮರುಗುವುದೇ ಅನುಕಂಪೆಯೆಂದು ಪೂಜ್ಯಪಾದರು ವಿವರಿಸುತ್ತಾರೆ. ಆದುದರಿಂದ ಪಾತ್ರವಿಚಾರವು ದಾನಫಲದ ತಾರತಮ್ಯವನ್ನು ತಿಳಿಸುವುದೇ ಹೊರತು, ಬಾಗಿಲಿಗೆ ಬಂದ ಹಸಿದವನನ್ನು ಬರಿಗೈಯಲ್ಲಿ ಕಳುಹಿಸಲು ಆಧಾರವಾಗಲಾರದು.