ಪಾಂಪೇಯಿ ಪಟ್ಟಣದ ಮಳಿಗೆಮನೆಗಳು: ಬಾಡಿಗೆಯ ಆದಾಯವನ್ನು ಕುರಿತು ಒಂದು ವಿಚಾರ

ಪ್ರಾಚೀನ ರೋಮಿನ ಶ್ರೀಮಂತರ ಐಶ್ವರ್ಯಕ್ಕೆ ಕೃಷಿಭೂಮಿಯೇ ಆಧಾರವೆಂಬುದು ಇತಿಹಾಸದ ವಿದ್ಯಾರ್ಥಿಗಳಿಗೆ ಚಿರಪರಿಚಿತವಾದ ಮಾತು. ಎಂ. ಐ. ಫಿನ್ಲೆಯವರು ಪ್ರಾಚೀನ ಆರ್ಥಿಕತೆಯನ್ನು ಕುರಿತು 1973ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ಅಭಿಪ್ರಾಯಕ್ಕೆ ವಿಶೇಷ ಬಲ ಬಂದಿತು. ಆದರೆ ಫಿನ್ಲೆಯವರೇ ಸಂಪಾದಿಸಿದ 1976ರ ಸಂಕಲನವೊಂದರಲ್ಲಿ ಪೀಟರ್ ಗಾರ್ನ್ಸಿಯವರು, ಪಟ್ಟಣದ ಕಟ್ಟಡಗಳಲ್ಲಿ ಹೂಡಿದ ಬಂಡವಾಳಕ್ಕೆ ವಿದ್ವಾಂಸರು ತಕ್ಕಷ್ಟು ಗಮನ ಕೊಟ್ಟಿಲ್ಲವೆಂದು ತೋರಿಸಿದರು. ಈ ಚರ್ಚೆಯಲ್ಲಿ ಮಹಾನಗರವಾದ ರೋಮಿಗೇ ಹೆಚ್ಚು ಪ್ರಾಶಸ್ತ್ಯ ದೊರೆಯುವುದು ಸಹಜ. ನಾವಾದರೋ ಇಲ್ಲಿ ಒಂದು ಸಣ್ಣ ಪಟ್ಟಣವನ್ನು ಆರಿಸಿಕೊಂಡು, ಅಂಗಡಿಯನ್ನೂ ವಾಸದ ಮನೆಯನ್ನೂ ಒಂದೇ ಕಟ್ಟಡದಲ್ಲಿ ಕೂಡಿಸಿ ಬಾಡಿಗೆಗೆ ಕೊಡುವ ಉದ್ಯಮವು ಹೇಗೆ ಆರಂಭವಾಗುತ್ತಿತ್ತು, ಅದರ ಲಾಭನಷ್ಟಗಳು ಯಾರ ಪಾಲಿಗೆ ಬರುತ್ತಿದ್ದವು ಎಂಬುದನ್ನು ಪರಿಶೀಲಿಸುತ್ತೇವೆ.

ಕ್ರಿ. ಶ. 79ರಲ್ಲಿ ವೆಸೂವಿಯಸ್ ಪರ್ವತದ ಬೂದಿಯಲ್ಲಿ ಹುದುಗಿಹೋದ ಪಾಂಪೇಯಿಯ ವಿಸ್ತಾರ ಸುಮಾರು 66 ಹೆಕ್ಟೇರುಗಳು. ಜನಸಂಖ್ಯೆ ಹತ್ತು ಹನ್ನೆರಡು ಸಾವಿರವೆಂದು ಹಲವರ ಅಂದಾಜು. ಅಲ್ಲಿನ ಗೋಡೆಗಳ ಮೇಲೆ ಬಣ್ಣದಿಂದ ಬರೆದ ಎರಡು ಬಾಡಿಗೆ ಪ್ರಕಟಣೆಗಳು ನಮ್ಮ ವಿಷಯಕ್ಕೆ ಮುಖ್ಯ ಆಧಾರಗಳು.

ಮೊದಲನೆಯದು ಗ್ನೇಯಸ್ ಅಲ್ಲೇಯಸ್ ನಿಗಿಡಿಯಸ್ ಮಾಯಸ್ ಎಂಬವನದು. ಇವನು ಕ್ರಿ. ಶ. 55–56ರಲ್ಲಿ ಪಟ್ಟಣದ ಅತ್ಯುನ್ನತ ಅಧಿಕಾರಪದವಿಯಲ್ಲಿದ್ದವನು. ಗ್ಲಾಡಿಯೇಟರ್ ಕಾಳಗಗಳನ್ನು ಏರ್ಪಡಿಸಿ ಖ್ಯಾತಿ ಗಳಿಸಿದವನು. ಒಂದು ಇಡೀ ಕಟ್ಟಡದ ಸಾಲು ಅವನ ಸ್ವತ್ತಾಗಿತ್ತು. ಜುಲೈ ಒಂದರಿಂದ ಅದರಲ್ಲಿನ ಅಟ್ಟಸಹಿತವಾದ ಮಳಿಗೆಗಳು, ಮರ್ಯಾದಸ್ಥರಿಗೆ ತಕ್ಕ ಮಹಡಿಯ ವಸತಿಗಳು, ಒಂದು ಮನೆ ಇವು ಬಾಡಿಗೆಗೆ ದೊರೆಯುವುವೆಂದೂ, ಬೇಕಾದವರು ತನ್ನ ದಾಸನಾದ ಪ್ರೀಮಸನನ್ನು ಕಾಣಬೇಕೆಂದೂ ಅವನು ಬರೆಯಿಸಿದ್ದನು. ಎರಡನೆಯದು ಜೂಲಿಯಾ ಫೆಲಿಕ್ಸ್ ಎಂಬ ಮಹಿಳೆಯದು. ಒಂದು ಸ್ನಾನಗೃಹ, ಮಳಿಗೆಗಳು, ಅಟ್ಟಗಳು, ಮಹಡಿಯ ವಸತಿಗಳು ಇವೆಲ್ಲವನ್ನೂ ಆಗಸ್ಟ್ 13ರಿಂದ ಐದು ವರ್ಷಗಳ ಅವಧಿಗೆ ಕೊಡಲಾಗುವುದೆಂದು ಆಕೆಯ ಪ್ರಕಟಣೆ ಸಾರುತ್ತದೆ. ಕ್ರಿ. ಶ. 62ರ ಸುಮಾರಿನ ಭೂಕಂಪದಿಂದ ಊರಿನ ಬಹುಭಾಗ ಜಖಂಗೊಂಡು, ವಸತಿಗೂ ವ್ಯಾಪಾರಕ್ಕೂ ಸ್ಥಳದ ಅಭಾವವುಂಟಾಗಿದ್ದ ಕಾಲವನ್ನು ಇಲ್ಲಿ ನೆನೆಯುವುದು ಉಚಿತ.

ಈ ಪ್ರಕಟಣೆಗಳಿಂದ ಎರಡು ಸಂಗತಿಗಳು ವ್ಯಕ್ತವಾಗುತ್ತವೆ. ಒಂದನೆಯದಾಗಿ, ಉದ್ಯಮವನ್ನು ಆರಂಭಿಸಲು ಹೊಸ ಕಟ್ಟಡವನ್ನು ಕಟ್ಟಲೇಬೇಕೆಂಬ ನಿಯಮವಿರಲಿಲ್ಲ. ನಿಗಿಡಿಯಸನ ಸ್ವತ್ತಿನ ನಡುವಣ ಭಾಗವು ಕ್ರಿ. ಪೂ. 2ನೆಯ ಶತಮಾನದ ದೊಡ್ಡ ಮನೆ; ಅದರ ಸುತ್ತ ಬೀದಿಗೆ ತೆರೆದಂತೆ ಮಳಿಗೆಗಳೂ ರೊಟ್ಟಿ ಸುಡುವ ಭಟ್ಟಿಯೂ ಇದ್ದವು. ಹಳೆಯ ಮನೆಯನ್ನು ವಿಂಗಡಿಸಿ, ಬೀದಿಯ ಮಗ್ಗುಲನ್ನು ವ್ಯಾಪಾರಕ್ಕೆ ಬಿಡುವುದೇ ಅಲ್ಪ ವೆಚ್ಚದ ಮಾರ್ಗ. ಎರಡನೆಯದಾಗಿ, ಬಾಡಿಗೆದಾರರು ಒಂದೇ ವರ್ಗದವರಲ್ಲ. ಅಂಗಡಿಕಾರನು ಒಳಗಿನ ಏಣಿಯಿಂದ ಅಟ್ಟಕ್ಕೆ ಹತ್ತಿ ಅಲ್ಲಿಯೇ ಮಲಗುವನು. ಅನುಕೂಲಸ್ಥನು ಮಹಡಿಯಲ್ಲಿ ಇರುವನು. ಮಳಿಗೆ ಬರಿದಾದ ತಿಂಗಳಲ್ಲಿಯೂ ಮಹಡಿಯ ಬಾಡಿಗೆ ನಿಲ್ಲದು. ಸಣ್ಣ ಊರಿನಲ್ಲಿ ಗಿರಾಕಿಗಳು ಮಿತವಾದುದರಿಂದ ಈ ಮಿಶ್ರಣವೇ ಒಡೆಯನಿಗೆ ರಕ್ಷೆಯಾಗಿತ್ತೆಂದು ನಾವು ಭಾವಿಸುತ್ತೇವೆ.

ಸ್ವಂತ ಕಟ್ಟಡವಿಲ್ಲದವನಿಗೂ ಒಂದು ದಾರಿಯುಂಟು. ಕ್ರಿ. ಪೂ. 39ರಲ್ಲಿ ಕಾನ್ಸಲ್ ಆಗಿದ್ದ ನ್ಯಾಯಪಂಡಿತ ಆಲ್ಫೇನಸನ ಅಭಿಪ್ರಾಯವೊಂದು, ಕ್ರಿ. ಶ. 533ರಲ್ಲಿ ಜಸ್ಟಿನಿಯನ್ ಚಕ್ರವರ್ತಿಯು ಪ್ರಕಟಿಸಿದ ನ್ಯಾಯಸಂಗ್ರಹದಲ್ಲಿ ಉಳಿದುಬಂದಿದೆ. ಒಬ್ಬನು ಒಂದು ಬಾಡಿಗೆಕಟ್ಟಡವನ್ನು ಒಟ್ಟಾಗಿ 30ಕ್ಕೆ ಗುತ್ತಿಗೆ ಹಿಡಿದು, ವಸತಿಗಳನ್ನು ಬಿಡಿಬಿಡಿಯಾಗಿ ಕೊಟ್ಟು 40ನ್ನು ಸಂಗ್ರಹಿಸುವಂತೆ ಏರ್ಪಡಿಸಿದ್ದನು. ಅಷ್ಟರಲ್ಲಿ ಕಟ್ಟಡ ಶಿಥಿಲವಾಗಿದೆಯೆಂದು ಒಡೆಯನು ಅದನ್ನು ಕೆಡವಿದನು. ಕೆಡವುವುದು ಅನಿವಾರ್ಯವಾಗಿದ್ದರೆ ಉಳಿದ ಅವಧಿಯ ಬಾಡಿಗೆಯಷ್ಟೇ ಲೆಕ್ಕಕ್ಕೆ ಬರುವುದು. ಅನಿವಾರ್ಯವಲ್ಲದೆ, ಚೆನ್ನಾಗಿ ಕಟ್ಟಿಸುವ ಆಸೆಯಿಂದ ಕೆಡವಿದ್ದರೆ ಗುತ್ತಿಗೆದಾರನ ಲಾಭಕ್ಕೂ ಒಡೆಯನು ಹೊಣೆ ಎಂಬುದು ಆಲ್ಫೇನಸನ ತೀರ್ಪಿನ ಸಾರ. ನೂರಕ್ಕೆ ಮೂವತ್ತಮೂರರಷ್ಟು ಹೆಚ್ಚುವರಿಯು ಸಾಮಾನ್ಯವಾದುದಲ್ಲ. ಆದರೆ ಅದು ಪರರ ಗೋಡೆಯ ಗಟ್ಟಿತನವನ್ನೇ ಅವಲಂಬಿಸಿತ್ತು.

ಗೋಡೆಯು ಗಟ್ಟಿಯಿಲ್ಲದಿದ್ದರೆ ಏನಾಗುತ್ತಿತ್ತೆಂಬುದಕ್ಕೆ ಸಿಸೆರೊ ಸಾಕ್ಷಿಯಾಗಿದ್ದಾನೆ. ಪಾಂಪೇಯಿಯಂತೆಯೇ ನೇಪಲ್ಸ್ ಕೊಲ್ಲಿಯ ದಂಡೆಯಲ್ಲಿದ್ದ ಪುಟಿಯೋಲಿ ಬಂದರಿನಲ್ಲಿ ಅವನಿಗೆ ಉಯಿಲಿನ ಮೂಲಕ ಸ್ವತ್ತು ಬಂದಿತ್ತು. ಕ್ರಿ. ಪೂ. 44ರಲ್ಲಿ ಗೆಳೆಯ ಅಟ್ಟಿಕಸನಿಗೆ ಬರೆದ ಪತ್ರದಲ್ಲಿ ಅವನು, ತನ್ನ ಎರಡು ಮಳಿಗೆಗಳು ಕುಸಿದು ಮಿಕ್ಕವು ಬಿರುಕು ಬಿಡುತ್ತಿರುವುದನ್ನು ತಿಳಿಸಿ, ಬಾಡಿಗೆದಾರರಷ್ಟೇ ಅಲ್ಲದೆ ಇಲಿಗಳೂ ಜಾಗ ಬಿಟ್ಟವೆಂದು ಪರಿಹಾಸ ಮಾಡುತ್ತಾನೆ. ವೆಸ್ಟೋರಿಯಸ್ ಎಂಬ ವ್ಯವಹಾರಸ್ಥನ ಸಲಹೆಯಂತೆ ಪುನಃ ಕಟ್ಟಿಸಿದರೆ ಈ ನಷ್ಟವೇ ಲಾಭವಾಗಬಹುದೆಂದು ಸಮಾಧಾನಪಟ್ಟುಕೊಳ್ಳುತ್ತಾನೆ. ಹೊರಟುಹೋದ ಬಾಡಿಗೆದಾರರು ಎಲ್ಲಿ ಆಶ್ರಯ ಪಡೆದರೆಂಬ ಮಾತು ಆ ಪತ್ರದಲ್ಲಿಲ್ಲ.

ಇಷ್ಟರಿಂದ ಫಿನ್ಲೆಯವರ ಸಿದ್ಧಾಂತವು ಪೂರ್ಣವಾಗಿ ಬಿದ್ದುಹೋಯಿತೆನ್ನಲಾಗದು. ಭೂಮಿಯ ಪ್ರಾಧಾನ್ಯ ನಿಸ್ಸಂದೇಹವಾದುದು. ಆದರೆ ಸಣ್ಣ ಪಟ್ಟಣದ ಗಣ್ಯರೂ ಮಳಿಗೆಯ ಬಾಡಿಗೆಯನ್ನು ಹೀನವೆಂದು ತಿಳಿಯದೆ, ತಮ್ಮ ಹೆಸರನ್ನೇ ಗೋಡೆಯ ಮೇಲೆ ಬರೆಯಿಸಿ ಅದನ್ನು ಅರಸಿದರೆಂಬುದು ಸ್ಪಷ್ಟ. ಹೆಸರು ಒಡೆಯನದು; ಬಾಡಿಗೆದಾರನು ಕಾಣಬೇಕಾದ ಮನುಷ್ಯನು ಪ್ರೀಮಸ್; ಬಿರುಕುಬಿಟ್ಟ ಗೋಡೆಯ ಕೆಳಗೆ ಮಲಗುವವನು ಅಂಗಡಿಕಾರ. ಬಾಡಿಗೆಯ ಆದಾಯದ ಇತಿಹಾಸವನ್ನು ಬರೆಯುವವರು ಈ ಮೂವರನ್ನೂ ಒಂದೇ ಲೆಕ್ಕದಲ್ಲಿ ಸೇರಿಸಬೇಕೆಂಬುದು ನಮ್ಮ ಅಭಿಪ್ರಾಯ.