ಹತಾರ ಕಸಿದವರು, ಹತಾರ ಕೊಡದವರು

ನಮ್ಮ ದೌಲತಾಬಾದ್ ಸೀಮೆಯಲ್ಲಿ ಒಂದೇ ವಸ್ತುವಿಗೆ ಎರಡು ಮೂರು ಹೆಸರಿರುವುದು ಹೊಸದೇನಲ್ಲ. ಮನೆಯಲ್ಲಿ ಬಂದೂಕು ಅನ್ನುತ್ತೇವೆ, ಸಂತೆಗೆ ಹೋದರೆ ತುಪಾಕಿ ಅನ್ನುತ್ತೇವೆ. ಕೊಡಗಿನವರು ಅದನ್ನೇ ಕೋವಿ ಎಂದು ಕರೆಯುತ್ತಾರೆ. ಮುಧೋಳದ ಕಡೆಯವರು ಕತ್ತಿ, ಕಠಾರಿ, ಬಂದೂಕು ಎಲ್ಲವನ್ನೂ ಸೇರಿಸಿ ಹತಾರ ಅನ್ನುತ್ತಿದ್ದರು. ಹೆಸರು ಯಾವುದಾದರೂ ಇರಲಿ, ಅದನ್ನು ಯಾರ ಕೈಯಲ್ಲಿ ಇರಗೊಡಬೇಕು, ಯಾರ ಕೈಯಿಂದ ಕಿತ್ತುಕೊಳ್ಳಬೇಕು ಎಂಬುದಕ್ಕೆ ನಮ್ಮ ದೇಶದಲ್ಲಿ ಒಂದು ಚರಿತ್ರೆಯೇ ಇದೆ. ಆ ಚರಿತ್ರೆಯ ಮೊದಲ ಅಧ್ಯಾಯಗಳಲ್ಲಿ ಒಂದನ್ನು ಬರೆದವರು ಕನ್ನಡದ ಒಂದು ಸಣ್ಣ ಹಳ್ಳಿಯ ಜನ. ಇಂದು ಅದನ್ನು ಹೇಳಬೇಕೆಂದಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಮರ್ಯಾದೆಯಿಂದ ಬಾಳುವ ಪ್ರಜೆಗೆ ತನ್ನ ಮನೆ, ಹೊಲ, ಜೀವ ಕಾಯಲು ಆಯುಧ ಇಟ್ಟುಕೊಳ್ಳುವ ಹಕ್ಕು ಇರಬೇಕು. ಅದು ಅಧಿಕಾರಿಯ ದಯೆಯಿಂದ ಸಿಗುವ ವಸ್ತು ಆಗಬಾರದು. ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು.

ಹಲಗಲಿ ಈಗಿನ ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲೂಕಿನ ಊರು. ಆಗ ಅದು ಘೋರ್ಪಡೆ ಮನೆತನದ ಮುಧೋಳ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿ ಬೇಡರು ಹೆಚ್ಚಾಗಿದ್ದರು. ನಮ್ಮ ಕಡೆ ತೆಲುಗರು ಬೋಯರು ಎಂದು ಕರೆಯುವ ಜನರೇ ಅವರು. ಬೇಟೆ ಅವರ ಕುಲಕಸುಬು, ಊರ ಕಾವಲು ಅವರ ಹೊಣೆ, ಯುದ್ಧ ಬಂದಾಗ ರಾಜರ ದಂಡಿಗೆ ಸೇರುವುದು ಅವರ ವೃತ್ತಿ. ಒಕ್ಕಲಿಗನಿಗೆ ನೇಗಿಲು ಹೇಗೋ, ಕಮ್ಮಾರನಿಗೆ ಸುತ್ತಿಗೆ ಹೇಗೋ, ಬೇಡನಿಗೆ ಹತಾರ ಹಾಗೆ. ಅದು ಹಬ್ಬದಲ್ಲಿ ಪೂಜೆಗೊಳ್ಳುವ ವಸ್ತು, ಅಪ್ಪನಿಂದ ಮಗನಿಗೆ ಬರುವ ಆಸ್ತಿ.

1857ರಲ್ಲಿ ಉತ್ತರ ಹಿಂದೂಸ್ಥಾನದಲ್ಲಿ ಸಿಪಾಯಿಗಳು ದಂಗೆ ಎದ್ದರು. ಕಂಪನಿ ಸರ್ಕಾರ ಬೆದರಿತು. ಜನರ ಕೈಯಲ್ಲಿ ಆಯುಧ ಇರುವುದೇ ಅಪಾಯ ಎಂದು ತಿಳಿದು, ಅದೇ ವರ್ಷ ನಿಶ್ಶಸ್ತ್ರೀಕರಣದ ಕಾಯಿದೆ ಮಾಡಿತು. ಪರವಾನಗಿ ಇಲ್ಲದೆ ಯಾರೂ ಹತಾರ ಇಟ್ಟುಕೊಳ್ಳುವಂತಿಲ್ಲ, ಇದ್ದುದನ್ನು ಸರ್ಕಾರಕ್ಕೆ ಒಪ್ಪಿಸಬೇಕು. ಹಲಗಲಿಯ ಬೇಡರು ಸಿಪಾಯಿಗಳೂ ಅಲ್ಲ, ದೆಹಲಿ ಮೀರತ್ ಕಂಡವರೂ ಅಲ್ಲ. ಅವರು ಮಾಡಿದ ತಪ್ಪೇನು ಎಂದು ಯಾರೂ ಕೇಳಲಿಲ್ಲ. ಎಲ್ಲಿಯೋ ಯಾರೋ ಮಾಡಿದ ದಂಗೆಗೆ ಇವರ ಹತಾರ ಹೋಗಬೇಕಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಅವರು ಕೊಡಲಿಲ್ಲ. ಹನುಮ, ಬಾಲ, ಜಡಗ, ರಾಮ ಎಂಬ ನಾಲ್ವರು ಮುಂದಾಳಾದರು. ಸುತ್ತಲಿನ ಹಳ್ಳಿಗಳಿಂದಲೂ ಜನ ಬಂದು ಕೂಡಿಕೊಂಡರು. ನವೆಂಬರ್ ಕೊನೆಯಲ್ಲಿ ಕರ್ನಲ್ ಮಾಲ್ಕಂನ ಕುದುರೆ ಪಡೆ ಊರನ್ನು ಮುತ್ತಿತು. ಬೇಡರು ಮನೆಗಳ ಒಳಗಿನಿಂದ ಗುಂಡು ಹಾರಿಸಿ ಎದುರಿಸಿದರು. ಪಡೆಯವರು ಊರಿಗೆ ಬೆಂಕಿ ಇಟ್ಟರು. ಸುಮಾರು ನೂರು ಜನ ಸತ್ತರು, 290 ಮಂದಿ ಸೆರೆಯಾದರು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಮಂದಿಯನ್ನೂ, 14ರಂದು ಹಲಗಲಿಯಲ್ಲಿಯೇ 6 ಮಂದಿಯನ್ನೂ ಗಲ್ಲಿಗೆ ಹಾಕಿದರು. ಒಟ್ಟು 19 ಜನ. ಊರವರ ಕಣ್ಣೆದುರಿಗೇ ನೇಣು ಹಾಕಿದ್ದು, ಮುಂದೆ ಯಾರೂ ಇಲ್ಲ ಅನ್ನಬಾರದು ಎಂದು.

ಈ ಕಥೆ ನಮಗೆ ಉಳಿದದ್ದು ಸರ್ಕಾರಿ ಕಡತದಿಂದ ಮಾತ್ರವಲ್ಲ, ಲಾವಣಿಯಿಂದ ಕೂಡ. ಜನ ಹಾಡಿಕೊಂಡು ಬಂದ ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನು ಜೆ. ಎಫ್. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ, 1885ರಲ್ಲಿ. ನೇಣು ಹಾಕಿದ ಸರ್ಕಾರದ ನೌಕರನೇ ನೇಣಿಗೇರಿದವರ ಹಾಡನ್ನು ಉಳಿಸಿದ, ಇದೂ ಚರಿತ್ರೆಯ ಒಂದು ವಿಚಿತ್ರ. ಲಾವಣಿಕಾರ ಯುದ್ಧದ ಶೌರ್ಯವನ್ನಷ್ಟೇ ಹಾಡಿ ಸುಮ್ಮನಾಗುವುದಿಲ್ಲ. ಲೂಟಿಯಾದದ್ದನ್ನು ಒಂದೊಂದಾಗಿ ಎಣಿಸುತ್ತಾನೆ. ಅಡಿಗೆ ಮನೆಯ ಸಾಮಾನಿನಿಂದ ಹಿಡಿದು ಹೆಣ್ಣುಮಕ್ಕಳ ತಾಳಿಯವರೆಗೆ ಬಿಡಲಿಲ್ಲ ಎನ್ನುತ್ತಾನೆ. ಹತಾರ ಕೇಳಲು ಬಂದವರು ಬೀಸುಕಲ್ಲನ್ನೂ ಬಿಡಲಿಲ್ಲ ಎಂದಮೇಲೆ ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು.

ಈಗ ಹಲಗಲಿಯಿಂದ ಕೊಡಗಿಗೆ ಬರೋಣ. ಅದೇ ಸರ್ಕಾರ, ಅದೇ ಕಾಯಿದೆ, ನಡುವೆ ನಾಲ್ಕೇ ವರ್ಷ. 1834ರಲ್ಲಿ ಕೊಡಗು ಬ್ರಿಟಿಷರ ವಶವಾಗಿತ್ತು. 1857ರ ಗಲಾಟೆಯಲ್ಲಿ ಕೊಡವರು ಸರ್ಕಾರದ ಕಡೆಗೇ ಇದ್ದರು. ಅದಕ್ಕೆ ಮೆಚ್ಚಿ 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಅವರಿಗೆ ಈ ಕಾಯಿದೆಯಿಂದ ವಿನಾಯಿತಿ ಕೊಟ್ಟ. ಕೊಡವರ ಮನೆಯಲ್ಲಿಯೂ ಆಯುಧ ಕುಲದ ಗುರುತೇ. ಗಂಡುಮಗು ಹುಟ್ಟಿದರೆ ಒಂದು ಗುಂಡು ಹಾರಿಸಿ ಊರಿಗೆ ತಿಳಿಸುತ್ತಾರೆ, ಸಾವಾದರೆ ಎರಡು. ನಾಟಿ ಕೆಲಸ ಮುಗಿದ ಮೇಲೆ ಸೆಪ್ಟೆಂಬರಿನಲ್ಲಿ ಬರುವ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿ ಕತ್ತಿಗಳಿಗೆ ಹೂವಿಟ್ಟು ಪೂಜಿಸುತ್ತಾರೆ. ಆ ವಿನಾಯಿತಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಸ್ವತಂತ್ರ ಭಾರತದಲ್ಲಿಯೂ ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಇನ್ನೂ ಹತ್ತು ವರ್ಷ, ಅಂದರೆ 2029ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು.

ಕೊಡವರಿಗೆ ಸಿಕ್ಕಿದ್ದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ, ಸಂತೋಷವೇ ಇದೆ. ನೂರಾರು ವರ್ಷ ಮನೆಮನೆಯಲ್ಲಿ ಕೋವಿ ಇದ್ದರೂ ಕೊಡಗೇನೂ ಡಕಾಯಿತರ ನಾಡಾಗಲಿಲ್ಲ. ಅಲ್ಲಿಂದ ಬಂದವರು ಜನರಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ. ಆದರೆ ಒಂದು ಮಾತು ಯೋಚಿಸಿ. ಹಲಗಲಿಯವನಿಗೂ ಹತಾರ ಕುಲದೇವರೇ, ಕೊಡವನಿಗೂ ಕುಲದೇವರೇ. ಒಬ್ಬನಿಗೆ ನೇಣು, ಇನ್ನೊಬ್ಬನಿಗೆ ಸನ್ನದು. ಆಯುಧ ಅಪಾಯವೋ ಅಲ್ಲವೋ ಎಂದು ಆಳುವವರು ನೋಡಲಿಲ್ಲ. ಹಿಡಿದವನು ನಮ್ಮವನೋ ಅಲ್ಲವೋ ಎಂದು ನೋಡಿದರು.

1878ರಲ್ಲಿ ವೈಸರಾಯ್ ಲಿಟ್ಟನ್ ಇದನ್ನು ದೇಶಕ್ಕೆಲ್ಲ ಬಿಗಿಮಾಡಿದ. ಆ ವರ್ಷವೇ ದೇಶೀ ಭಾಷೆಯ ಪತ್ರಿಕೆಗಳ ಬಾಯಿ ಕಟ್ಟುವ ಕಾಯಿದೆಯನ್ನೂ ತಂದ. ಪತ್ರಿಕೆಯ ಕಾಯಿದೆ ರಿಪ್ಪನ್ ಕಾಲದಲ್ಲಿ, 1882ರಲ್ಲಿ ಹೋಯಿತು. ಆಯುಧದ ಕಾಯಿದೆ ಉಳಿಯಿತು. ಅದರಲ್ಲಿ ಯುರೋಪಿಯನ್ನರಿಗೆ ವಿನಾಯಿತಿ, ಹಿಂದೂಸ್ಥಾನದವರಿಗೆ ಮಾತ್ರ ಪರವಾನಗಿ. ಇದೇ ಇಂಗ್ಲಿಷರ ದೇಶದಲ್ಲಿ 1689ರ ಹಕ್ಕುಪತ್ರವು ಪ್ರೊಟೆಸ್ಟಂಟ್ ಪ್ರಜೆಗಳಿಗೆ ಆತ್ಮರಕ್ಷಣೆಗೆ ಆಯುಧ ಇಟ್ಟುಕೊಳ್ಳಬಹುದು ಎಂದಿತ್ತು. ಅಮೆರಿಕದವರು 1791ರಲ್ಲಿ ಅದನ್ನು ತಮ್ಮ ಸಂವಿಧಾನಕ್ಕೇ ಸೇರಿಸಿಕೊಂಡಿದ್ದರು. ತನ್ನ ಮನೆಯಲ್ಲಿ ಹಕ್ಕು ಅಂದದ್ದನ್ನು ನಮ್ಮ ಮನೆಯಲ್ಲಿ ಅಪರಾಧ ಅಂದ ಬಿಳಿಯ.

ಆದ್ದರಿಂದಲೇ ನಮ್ಮ ಹಿರಿಯರು ಈ ಕಾಯಿದೆಯನ್ನು ಅವಮಾನವೆಂದು ತಿಳಿದರು. ಕಾಂಗ್ರೆಸ್ಸು 1887ರ ಮದರಾಸು ಅಧಿವೇಶನದಲ್ಲಿಯೇ ಅದನ್ನು ಸಡಿಲಿಸಲು ಕೇಳಿತು. ಅಹಿಂಸೆಯ ಗಾಂಧೀಜಿಯವರೂ 1918ರಲ್ಲಿ, ಇಡೀ ಜನಾಂಗವನ್ನು ನಿರಾಯುಧಗೊಳಿಸಿದ್ದು ಬ್ರಿಟಿಷರ ಕೆಟ್ಟ ಕೆಲಸಗಳಲ್ಲೆಲ್ಲ ಅತ್ಯಂತ ಕರಾಳವಾದದ್ದು ಎಂಬ ಅರ್ಥದಲ್ಲಿ ಬರೆದರು. 1930ರಲ್ಲಿ ಅವರು ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಉಪ್ಪಿನ ತೆರಿಗೆಯ ಜೊತೆಗೆ ಆತ್ಮರಕ್ಷಣೆಯ ಬಂದೂಕಿಗೆ ಪರವಾನಗಿ ಕೊಡಬೇಕೆಂಬುದೂ ಒಂದು. ಉಪ್ಪು ನೆನಪಿದೆ, ಬಂದೂಕನ್ನು ಮರೆತಿದ್ದೇವೆ. 1931ರ ಕರಾಚಿ ಅಧಿವೇಶನದ ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಇಟ್ಟುಕೊಳ್ಳುವ ಹಕ್ಕನ್ನೂ ಸೇರಿಸಿದರು.

ಇನ್ನು ನಮ್ಮ ಸೀಮೆಯ ಮಾತು. ಆಗ ಜಹೀರಾಬಾದ್, ನಾರಾಯಣಖೇಡ ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಕೊಡಂಗಲ್ ಗುಲ್ಬರ್ಗಾ ಜಿಲ್ಲೆಯಲ್ಲಿದ್ದವು, ಎಲ್ಲರೂ ನಿಜಾಮರ ಪ್ರಜೆಗಳು. 1947-48ರಲ್ಲಿ ಕಾಸಿಂ ರಜ್ವಿಯ ರಜಾಕಾರರ ಕೈಗೆ ಬಂದೂಕು ಬಂದವು. ಹಳ್ಳಿಯವರ ಕೈಯಲ್ಲಿ ಇದ್ದದ್ದು ಬಡಿಗೆ, ಕೊಡಲಿ, ಕವಣೆ. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರ್ಟಾದಲ್ಲಿ ಆದ ಹತ್ಯಾಕಾಂಡ ನಿಮಗೆಲ್ಲ ಗೊತ್ತಿದೆ. ಗಡಿ ದಾಟಿ ಓಡಿಹೋದವರ ಮಕ್ಕಳು ಮೊಮ್ಮಕ್ಕಳು ಈ ಕಾರ್ಯಕ್ರಮ ಕೇಳುತ್ತಿದ್ದಾರೆ.

ಆದರೆ ಅರ್ಧ ಕಥೆ ಹೇಳಿ ನಿಲ್ಲಿಸಿದರೆ ಅದು ಚರಿತ್ರೆಯಾಗುವುದಿಲ್ಲ. ಸೆಪ್ಟೆಂಬರ್ 13ರಿಂದ 17ರವರೆಗೆ ಪೋಲೀಸ್ ಕಾರ್ಯಾಚರಣೆ ನಡೆದು ನಿಜಾಮ ಶರಣಾದ. ಅನಂತರ ಸೇಡಿನ ಬಿರುಗಾಳಿ ಎದ್ದಿತು. ಪ್ರಧಾನಿ ನೆಹರೂ ಅವರು ಪಂಡಿತ ಸುಂದರಲಾಲ್ ಸಮಿತಿಯನ್ನು ಕಳುಹಿಸಿದರು. ಬಹುಕಾಲ ಬೆಳಕಿಗೆ ಬಾರದೆ ಉಳಿದ ಆ ವರದಿಯ ಅಂದಾಜಿನಂತೆ 27,000ದಿಂದ 40,000 ಜನ ಸತ್ತರು. ಅವರಲ್ಲಿ ರಜಾಕಾರರಲ್ಲದ ಮುಸಲ್ಮಾನ ಬಡವರು ಎಷ್ಟೋ. ಹೆಚ್ಚು ಹಾನಿಯಾದದ್ದು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ, ನಾಂದೇಡ ಜಿಲ್ಲೆಗಳಲ್ಲಿ, ಅಂದರೆ ನಮ್ಮ ಸುತ್ತಮುತ್ತಲೇ. ಮುಸಲ್ಮಾನರ ಆಯುಧಗಳನ್ನು ತೆಗೆದುಕೊಂಡು, ಎದುರಿನವರ ಕೈಯಲ್ಲಿ ಅನೇಕ ಕಡೆ ಹಾಗೆಯೇ ಬಿಡಲಾಗಿತ್ತು ಎಂದು ಆ ವರದಿ ಹೇಳುತ್ತದೆ. ಮೊದಲು ಒಂದು ಕಡೆಯವರ ಕೈ ಬರಿದು, ಆಮೇಲೆ ಇನ್ನೊಂದು ಕಡೆಯವರ ಕೈ ಬರಿದು. ಎರಡು ಸಲವೂ ಸತ್ತವರು ಬರಿಗೈಯವರೇ.

ಅದೇ ವರ್ಷದ ಡಿಸೆಂಬರ್ 1ರಂದು ದೆಹಲಿಯ ಸಂವಿಧಾನ ಸಭೆಯಲ್ಲಿ ಎಚ್. ವಿ. ಕಾಮತರು ಎದ್ದು ನಿಂತರು. ಮಂಗಳೂರಿನಲ್ಲಿ ಹುಟ್ಟಿ, ಐ.ಸಿ.ಎಸ್. ನೌಕರಿಯನ್ನು ದೇಶಕ್ಕಾಗಿ ಬಿಟ್ಟವರು ಅವರು. ಆಯುಧ ಇಟ್ಟುಕೊಳ್ಳುವ ಹಕ್ಕನ್ನು, ನಿಯಮಗಳಿಗೆ ಒಳಪಟ್ಟು, ಮೂಲಭೂತ ಹಕ್ಕುಗಳಲ್ಲಿ ಸೇರಿಸಿ ಎಂದು ತಿದ್ದುಪಡಿ ತಂದರು. ಕರಾಚಿಯ ಮಾತನ್ನು ನೆನಪಿಸಿದರು. ಡಾ. ಅಂಬೇಡ್ಕರರು ಒಪ್ಪಲಿಲ್ಲ. ಎಲ್ಲರಿಗೂ ಹಕ್ಕು ಕೊಟ್ಟರೆ ಕಳ್ಳಕಾಕರಿಗೂ ಕೊಟ್ಟಂತಾಗುತ್ತದೆ, ನಾವು ಒತ್ತಿ ಹೇಳಬೇಕಾದದ್ದು ದೇಶಕ್ಕಾಗಿ ಆಯುಧ ಹಿಡಿಯುವ ಕರ್ತವ್ಯವನ್ನು ಎಂಬುದು ಅವರ ವಾದ. ತಿದ್ದುಪಡಿ ಬಿದ್ದುಹೋಯಿತು. ದೇಶವಿಭಜನೆಯ ರಕ್ತ ಇನ್ನೂ ಆರಿರಲಿಲ್ಲ, ಗಾಂಧೀಜಿಯವರು ಪಿಸ್ತೂಲಿನ ಗುಂಡಿಗೇ ಬಲಿಯಾಗಿ ವರ್ಷ ತುಂಬಿರಲಿಲ್ಲ. ಅವರ ಅಂಜಿಕೆಯನ್ನು ನಾನು ಹಗುರ ಮಾಡಲಾರೆ. ಆದರೆ ಕಳ್ಳ ಯಾವ ಕಾಲದಲ್ಲಿ ತಾನೇ ಕಚೇರಿಗೆ ಹೋಗಿ ಅರ್ಜಿ ಹಾಕಿದ್ದಾನೆ? ಅವನದು ಕಳ್ಳ ನಾಡಬಂದೂಕು. ಅರ್ಜಿ ಹಾಕುವವನು ಪ್ರಾಮಾಣಿಕ. ಕಾಯಿದೆಯ ಭಾರವೆಲ್ಲ ಬೀಳುವುದು ಅವನ ಬೆನ್ನಿನ ಮೇಲೆ.

1959ರಲ್ಲಿ ನಮ್ಮದೇ ಪಾರ್ಲಿಮೆಂಟು ಹೊಸ ಆಯುಧ ಕಾಯಿದೆ ಮಾಡಿತು. ಇದನ್ನು ರೈತರು ತಿಳಿದಿರಬೇಕು. ಅದರ 13ನೇ ಕಲಮಿನ ಪ್ರಕಾರ ರಕ್ಷಣೆಗೆ ಇಪ್ಪತ್ತು ಅಂಗುಲಕ್ಕೆ ಕಡಿಮೆಯಿಲ್ಲದ ನಳಿಕೆಯ ಸಾದಾ ಬಂದೂಕಿಗೂ, ನಿಜವಾದ ಬೆಳೆ ರಕ್ಷಣೆಗೆ ಮೂತಿಯಿಂದ ಮದ್ದು ತುಂಬುವ ಬಂದೂಕಿಗೂ ಪರವಾನಗಿ ಕೊಡತಕ್ಕದ್ದು ಎಂದಿದೆ, ಕೊಡಬಹುದು ಎಂದಲ್ಲ. 14ನೇ ಕಲಮಿನಲ್ಲಿ, ಸಾಕಷ್ಟು ಆಸ್ತಿ ಇಲ್ಲ ಎಂಬ ಒಂದೇ ಕಾರಣಕ್ಕೆ ನಿರಾಕರಿಸಬಾರದು, ನಿರಾಕರಿಸಿದರೆ ಕಾರಣವನ್ನು ಬರೆದಿಡಬೇಕು ಎಂದಿದೆ. 18ನೇ ಕಲಮಿನಲ್ಲಿ ಮೇಲ್ಮನವಿಯ ದಾರಿ ಇದೆ. ಬ್ಯಾಂಕಿನ ಗುಮಾಸ್ತನಾಗಿ ಅರ್ಜಿಗಳ ನಡುವೆಯೇ ಆಯುಷ್ಯ ಕಳೆದವನು ನಾನು. ಅರ್ಜಿಯನ್ನು ಕೊಡೆನೆಂದು ಬರೆಯದೆ, ಕೊಟ್ಟೆನೆಂದೂ ಬರೆಯದೆ, ಕಡತದಲ್ಲಿಟ್ಟು ಮಲಗಿಸುವ ವಿದ್ಯೆ ನನಗೆ ಗೊತ್ತಿದೆ. ಕಾಗದದ ಮೇಲಿನ ಹಕ್ಕು ಸಾಯುವುದು ಅಲ್ಲಿಯೇ. ನಮ್ಮ ಶಾಖೆಯ ಬಾಗಿಲಲ್ಲಿ ಜೋಡುನಳಿಗೆಯ ಬಂದೂಕು ಹಿಡಿದು ಒಬ್ಬ ಕಾವಲುಗಾರ ಕೂಡುತ್ತಿದ್ದ. ಊರವರ ಹಣಕ್ಕೆ ಕಾವಲು ಬೇಕೆಂದು ಎಲ್ಲರೂ ಒಪ್ಪುತ್ತಾರೆ. ಹೊಲದ ನಡುವೆ ಒಂಟಿ ಮನೆಯಲ್ಲಿರುವ ಆ ಹಣದ ಒಡೆಯನಿಗೆ ಮಾತ್ರ ಯಾಕೆ ಬೇಕು ಎಂದು ಕೇಳುತ್ತಾರೆ.

2019ರ ತಿದ್ದುಪಡಿ ಇನ್ನೂ ಬಿಗಿಮಾಡಿತು. ಒಬ್ಬನಿಗೆ ಮೂರು ಬಂದೂಕು ಇದ್ದದ್ದು ಎರಡಕ್ಕೆ ಇಳಿಯಿತು. ಮಸೂದೆಯಲ್ಲಿ ಮೊದಲು ಇದ್ದದ್ದು ಒಂದೇ.

ಹಾಗಾದರೆ ನಿಯಮವೇ ಬೇಡವೇ ಎಂದು ನೀವು ಕೇಳಬಹುದು. ಬೇಕು. ಕುಡುಕನಿಗೆ, ಹೆಂಡತಿಗೆ ಹೊಡೆಯುವವನಿಗೆ, ಚಿತ್ತ ಸ್ವಾಧೀನವಿಲ್ಲದವನಿಗೆ ಬಂದೂಕು ಕೂಡದು. ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಗುಂಡು ಹಾರಿಸುವವನ ಪರವಾನಗಿ ಕಿತ್ತುಕೊಳ್ಳಬೇಕು. ಪರವಾನಗಿ ಇದ್ದರೂ ಅರಣ್ಯ ಇಲಾಖೆಯ ಅಪ್ಪಣೆ ಇಲ್ಲದೆ ಕಾಡುಹಂದಿಯನ್ನು ಹೊಡೆಯುವುದು ವನ್ಯಜೀವಿ ಕಾಯಿದೆಗೆ ವಿರೋಧ, ಅದನ್ನೂ ಮರೆಯಬೇಡಿ. ಬಂದೂಕು ಪೆಟ್ಟಿಗೆಯಲ್ಲಿ ಬೀಗದೊಳಗೆ ಇರಲಿ, ಮಕ್ಕಳ ಕೈಗೆ ಸಿಗದಿರಲಿ. ನಾನು ಹೇಳುವುದು ಇಷ್ಟೇ: ನಿಯಮ ಎಲ್ಲರಿಗೂ ಒಂದೇ ಇರಲಿ, ಬರೆದಂತೆ ನಡೆಯಲಿ. ಕೊಡವನಿಗೆ ಇಟ್ಟ ನಂಬಿಕೆಯನ್ನು ತೊಗರಿ ಬೆಳೆಯುವ ನಮ್ಮ ರೈತನ ಮೇಲೂ ಇಡಲಿ. ಜೀವಕ್ಕೆ ಅಪಾಯ ಬಂದಾಗ ತಡೆಯುವ ಹಕ್ಕನ್ನು ಹಳೆಯ ದಂಡಸಂಹಿತೆಯೂ ಕೊಟ್ಟಿತ್ತು, 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಕೊಟ್ಟಿದೆ. ಹಕ್ಕನ್ನು ಕೊಟ್ಟು ಅದರ ಸಾಧನವನ್ನು ಕೊಡದಿದ್ದರೆ, ಎಲೆ ಹಾಕಿ ಅನ್ನ ಬಡಿಸದೆ ಎಬ್ಬಿಸಿದಂತೆ.

ಹಲಗಲಿಯ ಹತ್ತೊಂಬತ್ತು ಜನ ದೊಡ್ಡ ಸಿದ್ಧಾಂತ ಓದಿದವರಲ್ಲ. ತಮ್ಮನ್ನು ನಂಬದವರ ಕೈಗೆ ತಮ್ಮ ಜೀವದ ಕಾವಲನ್ನು ಒಪ್ಪಿಸಲಾರೆವು ಎಂದರು, ಅಷ್ಟೇ. ಇಂದು ಆಳುವವರು ಪರಕೀಯರಲ್ಲ, ನಾವೇ ಆರಿಸಿ ಕಳುಹಿಸಿದವರು. ಹಾಗಿರುವಾಗ ನಮಗೆ ನೇಣಿಗೇರುವ ಅಗತ್ಯವಿಲ್ಲ, ಅರ್ಜಿ ಬರೆದು ಕಾರಣ ಕೇಳಿದರೆ ಸಾಕು. ಕೇಳುವುದನ್ನಾದರೂ ಬಿಡಬಾರದು.