ಅಂಗಡಿ ಎಷ್ಟು ದೂರ?: ರಾಯಚೂರು, ದೇವದುರ್ಗ, ಮಾನ್ವಿಯಲ್ಲಿ ಮದ್ಯನೀತಿ ಮತ್ತು ಜನಾಭಿಪ್ರಾಯ

1948ರ ಅಕ್ಟೋಬರ್ 2ರ ಹೊತ್ತಿಗೆ ಮದ್ರಾಸ್ ಪ್ರಾಂತ್ಯದ ತುಂಬ ಪಾನನಿಷೇಧ ಬಂದಿತ್ತು. ಬಳ್ಳಾರಿ ಆಗ ಆ ಪ್ರಾಂತ್ಯದಲ್ಲಿತ್ತು. ತುಂಗಭದ್ರೆ ದಾಟಿದರೆ ಮಾನ್ವಿ. ಅಲ್ಲಿ ನಡೆಯುತ್ತಿದ್ದುದು ಫಸಲಿ 1316ರ ಹೈದರಾಬಾದ್ ಅಬಕಾರಿ ಕಾಯ್ದೆ. ಈಚಲು ಮರದ ಸೇಂದಿ ನಿಜಾಮರ ಖಜಾನೆಗೆ ದೊಡ್ಡ ಆದಾಯವಾಗಿತ್ತು. ಏಕೀಕರಣದ ನಂತರ 1967ರಲ್ಲಿ ರಾಜ್ಯ ಪಾನನಿಷೇಧವನ್ನು ಕೈಬಿಟ್ಟಾಗ ಧಾರವಾಡ, ಬಿಜಾಪುರದವರಿಗೆ ಅದೊಂದು ತಿರುವು. ರಾಯಚೂರಿನವರು ನಿಷೇಧವನ್ನು ಕಂಡೇ ಇರಲಿಲ್ಲ. ಇವತ್ತು ಇಲ್ಲಿಯ ಹೆಂಗಸರು ಸಂಪೂರ್ಣ ಪಾನನಿಷೇಧ ಕೇಳುತ್ತಿರುವುದರ ಬೇರನ್ನು ಹಳೆಯ ಗಾಂಧೀವಾದಿ ಕಾನೂನಿನ ನೆನಪಿನಲ್ಲಿ ಹುಡುಕಿದರೆ ಸಿಗುವುದಿಲ್ಲ, ಅವರವರ ಮನೆಯ ಒಲೆಯ ಮುಂದೆ ಹುಡುಕಬೇಕು.

ನೆರೆಯ ಆಂಧ್ರದಿಂದಲೂ ಗಾಳಿ ಬೀಸಿತು. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಸಾರಾಯಿಯ ವಿರುದ್ಧ ಎದ್ದರು. ಮರುವರ್ಷ ಅಲ್ಲಿ ಸಾರಾಯಿ ನಿಂತಿತು, 1995ರಲ್ಲಿ ಸಂಪೂರ್ಣ ನಿಷೇಧವೂ ಬಂತು. ಅದು ಎರಡೇ ವರ್ಷದಲ್ಲಿ ಸಡಿಲವಾಯಿತು.

ಕರ್ನಾಟಕ ಸಾರಾಯಿ ನಿಲ್ಲಿಸಿದ್ದು 2007ರ ಜುಲೈ 1ರಂದು. ಕೂಲಿ ಮಾಡುವ ಮನೆಗಳಲ್ಲಿ ಆ ದಿನದ ಮೇಲೆ ಬಹಳ ಭರವಸೆಯಿತ್ತು. ಆದರೆ ಸಾರಾಯಿ ಪಾಕೀಟು ಹೋದ ಜಾಗಕ್ಕೆ 90 ಮಿಲಿಲೀಟರಿನ ಅಗ್ಗದ ವಿಸ್ಕಿ ಪಾಕೀಟು ಬಂದು ಕೂತಿತು. ಪರವಾನಗಿ ಇರುವ ಅಂಗಡಿ ಪಟ್ಟಣದಲ್ಲಿ. ಊರೊಳಗೆ ಅದೇ ಪಾಕೀಟು ಕಿರಾಣಿ ಅಂಗಡಿಯಲ್ಲಿ, ಬೇಳೆ ಚೀಲದ ಹಿಂದೆ, ನಾಲ್ಕು ಕಾಸು ಹೆಚ್ಚಿಗೆ. ಉಪ್ಪು ತರಲು ಹೋದ ಮಗುವಿನ ಕೈಗೂ ಎಟಕುವಷ್ಟು ಹತ್ತಿರ. ಸರ್ಕಾರ ಯಾವ ಪಾನೀಯ ಎಂದು ನೋಡಿತು. ಹೆಂಗಸರು ನೋಡಿದ್ದು ಅಂಗಡಿ ಮನೆಗೆ ಎಷ್ಟು ಹತ್ತಿರ ಎಂಬುದನ್ನು. ಎರಡು ಲೆಕ್ಕವೂ ಇವತ್ತಿಗೂ ತಾಳೆಯಾಗಿಲ್ಲ ಎಂಬುದೇ ಈ ಲೇಖನದ ವಾದ.

ಸೇಂದಿಯ ಕಥೆ ಇನ್ನೂ ತೊಡಕಿನದು. ಈಚಲು ಮರದಿಂದ ಇಳಿಸಿದ್ದೆಂದು ಮಾರುವುದರಲ್ಲಿ ಮರದ ರಸ ಕಡಿಮೆ, ಜನ ಸಿಎಚ್ ಪೌಡರ್ ಎನ್ನುವ ಕ್ಲೋರಲ್ ಹೈಡ್ರೇಟ್ ಹೆಚ್ಚು. ಅದು ನಿದ್ದೆ ಬರಿಸುವ ರಾಸಾಯನಿಕ. ಅಂಟಿಕೊಂಡವರು ಒಮ್ಮೆಲೇ ಬಿಟ್ಟರೆ ಕೈಕಾಲು ನಡುಗುತ್ತದೆ, ಮಾತು ತಪ್ಪುತ್ತದೆ, ಫಿಟ್ಸ್ ಬರುವುದೂ ಉಂಟು. ಆದ್ದರಿಂದ ಅಬಕಾರಿ ದಾಳಿಯ ಜೊತೆಗೆ ಚಿಕಿತ್ಸೆಯೂ ಬೇಕು. ನೀತಿಯ ಚರ್ಚೆಯಲ್ಲಿ ಆಸ್ಪತ್ರೆಯ ಹಾಸಿಗೆಯ ಮಾತು ಇಷ್ಟು ಕಡಿಮೆ ಬರುವುದು ನನಗೆ ನೋವಿನ ಸಂಗತಿ. ಮರ ಹತ್ತಿ ಬದುಕಿದ ಈಡಿಗರ ಹೊಟ್ಟೆಪಾಡಿನ ಪ್ರಶ್ನೆಯನ್ನೂ ಹಗುರವಾಗಿ ತಳ್ಳಿಹಾಕಲಾಗದು.

ಮದ್ಯದ ವಿರುದ್ಧದ ಹೋರಾಟಕ್ಕೆ ಸ್ಥಳೀಯ ನೆಲೆ ಮೊದಲೇ ಇತ್ತು. ಪೋತ್ನಾಳದ ಜಾಗೃತ ಮಹಿಳಾ ಸಂಘಟನೆ ಮಾನ್ವಿ ಭಾಗದ ದಲಿತ ಕೂಲಿ ಹೆಂಗಸರೇ ಕಟ್ಟಿಕೊಂಡದ್ದು. ದೇವದುರ್ಗದಿಂದ ವರ್ಷವರ್ಷ ಗುಳೆ ಹೋಗುವ ಕುಟುಂಬಗಳಿಗೆ ದುಡಿದು ತಂದ ಹಣ ಮನೆ ಮುಟ್ಟುವುದೇ ದೊಡ್ಡ ಮಾತು. 2019ರ ಜನವರಿ 19ರಂದು ಮದ್ಯ ನಿಷೇಧ ಆಂದೋಲನದ ಪಾದಯಾತ್ರೆ ಚಿತ್ರದುರ್ಗದಿಂದ ಹೊರಟಾಗ ರಾಯಚೂರು ಜಿಲ್ಲೆಯ ಹೆಂಗಸರೂ ಅದರಲ್ಲಿದ್ದರು. 200 ಕಿಲೋಮೀಟರಿಗೂ ಹೆಚ್ಚು ನಡೆದು, ಗಾಂಧೀಜಿ ಹುತಾತ್ಮರಾದ ಜನವರಿ 30ರಂದು ಬೆಂಗಳೂರು ಮುಟ್ಟಿದರು. ದಾರಿಯಲ್ಲಿ ಅವರಲ್ಲೊಬ್ಬರು ಅಪಘಾತದಲ್ಲಿ ತೀರಿಕೊಂಡರು.

ಆಂದೋಲನದ ಘೋಷಣೆ ಸಂಪೂರ್ಣ ನಿಷೇಧದ್ದು. ಆದರೆ ಊರಲ್ಲಿ ಅಂಗಡಿ ಬೇಕೋ ಬೇಡವೋ ಎಂದು ಹೇಳುವ ಹಕ್ಕು ಗ್ರಾಮಸಭೆಗೆ ಸಿಗಲಿ ಎಂಬ ಬೇಡಿಕೆಯೂ ಅದರ ಜೊತೆಗಿದೆ. ನನಗೆ ಹೆಚ್ಚು ತೂಕದ್ದಾಗಿ ಕಾಣುವುದು ಇದೇ. ಮಹಾರಾಷ್ಟ್ರದಲ್ಲಿ ನಾಲ್ಕನೇ ಒಂದು ಭಾಗ ಮಹಿಳಾ ಮತದಾರರು ಅರ್ಜಿ ಕೊಟ್ಟರೆ ಗುಪ್ತ ಮತದಾನ ನಡೆಯುತ್ತದೆ. ಮತಪತ್ರದಲ್ಲಿ ಎರಡು ಚಿತ್ರ: ನಿಂತ ಬಾಟಲಿ, ಅಡ್ಡ ಮಲಗಿದ ಬಾಟಲಿ. ಓದು ಬಾರದ ಅಜ್ಜಿಯೂ ಅಡ್ಡ ಬಾಟಲಿಯ ಮೇಲೆ ಮುದ್ರೆ ಒತ್ತಬಲ್ಲಳು. ಅಂಥ ಮತ ಅರ್ಧಕ್ಕಿಂತ ಹೆಚ್ಚಾದರೆ ಅಂಗಡಿಗೆ ಬೀಗ. ದೇವದುರ್ಗದ ಹೆಣ್ಣುಮಗಳ ಕೈಗೆ ಅಂಥ ಮತಪತ್ರ ಇನ್ನೂ ಬಂದಿಲ್ಲ.